ಏಕೀಕರಣ ಮತ್ತು ಹಳೆಯ ಮೈಸೂರು: ಕೆಂಗಲ್ ಹನುಮಂತಯ್ಯನವರ ರಾಜನೀತಿ

ಕೆಂಗಲ್ ಹನುಮಂತಯ್ಯನವರ ಹೆಸರು ಬಂದೊಡನೆ ವಿಧಾನಸೌಧದ ಸ್ಮರಣೆಯಾಗುವುದು ವಾಡಿಕೆ. ಆ ಕಲ್ಲಿನ ಕೀರ್ತಿ ಅವರ ರಾಜಕೀಯ ಚಿಂತನೆಯನ್ನು ಬಹುಮಟ್ಟಿಗೆ ಮರೆಮಾಡಿದೆ. ಆ ಚಿಂತನೆಗೆ ನಿಜವಾದ ಪರೀಕ್ಷೆ ಒದಗಿದ್ದು 1955ರಲ್ಲಿ, ಫಜಲ್ ಅಲಿ ಆಯೋಗದ ವರದಿ ಮೈಸೂರು ಶಾಸನಸಭೆಯ ಮುಂದೆ ಬಂದಾಗ.

ಕಡೂರು ಸೀಮೆಯ ಯಗಟಿಯಂಥ ಊರಿನಿಂದ ನೋಡಿದರೆ ಈ ಪರೀಕ್ಷೆಯ ಕಾಠಿಣ್ಯ ತಿಳಿಯುತ್ತದೆ. ಸುತ್ತಲ ಹೊಸದುರ್ಗ, ಅರಸೀಕೆರೆ, ತರೀಕೆರೆಗಳೆಲ್ಲ ಮೈಸೂರು ರಾಜ್ಯದಲ್ಲೇ ಇದ್ದವು. ಬೀರೂರಿನಲ್ಲಿ ರೈಲು ಹತ್ತಿದವನು ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದ ಮೇಲೆಯೇ ಮುಂಬಯಿ ಆಡಳಿತದ ಕನ್ನಡನಾಡನ್ನು ಕಾಣುತ್ತಿದ್ದ. ಹರಿದು ಹಂಚಿಹೋದ ನೋವು ಧಾರವಾಡ, ಗುಲಬರ್ಗಾಗಳದು. ಇಲ್ಲಿಯ ರೈತನಿಗೆ ಅದು ಕೇಳಿದ ಸುದ್ದಿ. ಹಳೆಯ ಮೈಸೂರಿನ ಸಂಪತ್ತು ಹಂಚಿಹೋದೀತು, ಅಧಿಕಾರದ ತಕ್ಕಡಿ ಉತ್ತರಕ್ಕೆ ವಾಲೀತು ಎಂಬ ಭಯ ಮಾತ್ರ ಹತ್ತಿರದ್ದು. ಎರಡು ಕನ್ನಡ ರಾಜ್ಯಗಳಿರಲೆಂಬ ವಾದಕ್ಕೆ ಬಲ ಬಂದದ್ದು ಈ ಭಯದಿಂದ. ಸ್ವಪಕ್ಷದ ಅನೇಕರು ಅತ್ತ ನಿಂತಾಗಲೂ ಹನುಮಂತಯ್ಯನವರು ಏಕೀಕರಣವನ್ನು ಎತ್ತಿಹಿಡಿದರು. ತಮ್ಮ ಮತದಾರರು ಅನುಭವಿಸದ ಅಳಲನ್ನು ಅವರ ಹೊಣೆಯೆಂದು ಒಪ್ಪಿಸಹೊರಟದ್ದರಲ್ಲಿ ಅವರ ಮುತ್ಸದ್ದಿತನವಿದೆ.

1956ರ ಆಗಸ್ಟಿನಲ್ಲಿ ಅವರು ಅಧಿಕಾರ ಕಳೆದುಕೊಂಡದ್ದಕ್ಕೆ ಏಕೀಕರಣವೊಂದೇ ಕಾರಣವೆನ್ನುವುದು ಚರಿತ್ರೆಯನ್ನು ಪುರಾಣವಾಗಿಸಿದಂತೆ. ಪಕ್ಷದೊಳಗೆ ಬೇರೆ ಅಸಮಾಧಾನಗಳೂ ಇದ್ದವು. ಅದೇ ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಮುಖ್ಯಮಂತ್ರಿಯ ಪೀಠವೇರಿದವರು ಎಸ್. ನಿಜಲಿಂಗಪ್ಪನವರು.