ಏಳು ಕಡ್ಡಿಗಳ ಕಣ್ಕಟ್ಟು

ಲಿಫ್ಟಿನ ಮಹಡಿ ಸಂಖ್ಯೆ, ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ: ಎಲ್ಲೆಡೆ ಅದೇ ಏಳು ಬೆಳಕಿನ ಕಡ್ಡಿ. 8 ಮೂಡಲು ಏಳೂ ಉರಿಯಬೇಕು, 1ಕ್ಕೆ ಎರಡೇ ಸಾಕು. ನಮ್ಮ ದುಂಡನೆಯ ಕನ್ನಡ ಅಂಕಿಗಳಿಗೆ ಮಾತ್ರ ಈ ನೆಟ್ಟನೆಯ ಕಡ್ಡಿಗಳು ಒಗ್ಗವು. ಸೊನ್ನೆಯೊಂದು ಹೇಗೋ ಪಾರಾಗುತ್ತದೆ.

ನಾಲ್ಕಂಕಿಯ ಫಲಕವೆಂದರೆ ಅಂಕಿಗೊಂದರಂತೆ ದಶಮಾಂಶ ಚುಕ್ಕೆಗಳೂ ಸೇರಿ 32 ಎಲ್‌ಇಡಿ. ಅವನ್ನು ನಡೆಸಬೇಕಾದ, ಆರ್ಡುಯಿನೊ ಉನೊ ಎಂಬ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಕೂರುವ ಉದ್ದನೆಯ ಎಟಿಮೆಗಾ 328ಪಿ ಚಿಪ್ಪಿಗೆ ಇರುವುದೇ 28 ಕಾಲು. ಆದರೂ 12 ತಂತಿಗಳಲ್ಲೇ ಕೆಲಸ ಸಾಗುತ್ತದೆ: ಕಡ್ಡಿ, ಚುಕ್ಕೆಗಳಿಗೆ ಎಂಟು, ಅಂಕಿಯ ಸರದಿಗೆ ನಾಲ್ಕು. ಚಿಪ್ಪು ಒಂದು ಹೊತ್ತಿಗೆ ಒಂದೇ ಅಂಕಿಯನ್ನು ಬೆಳಗುತ್ತದೆ. ತಲಾ 2 ಮಿಲಿಸೆಕೆಂಡ್ ಕೊಟ್ಟರೆ ಸೆಕೆಂಡಿಗೆ 125 ಸುತ್ತು. ನಾಲ್ಕೂ ಒಟ್ಟಿಗೇ ಉರಿಯುತ್ತಿವೆ ಎಂದು ಕಣ್ಣು ನಂಬಿಬಿಡುತ್ತದೆ.

ಮೊಬೈಲ್ ಕ್ಯಾಮೆರಾ ಅಷ್ಟು ಸುಲಭಕ್ಕೆ ನಂಬುವುದಿಲ್ಲ. ವಿಡಿಯೊದಲ್ಲಿ ಅಂಕಿಗಳು ಮಿಣುಕಿ ಗುಟ್ಟು ಬಿಟ್ಟುಕೊಡುತ್ತವೆ.

ಈ ಸರದಿಯಾಟದಲ್ಲೊಂದು ನಾಜೂಕಿದೆ. ಹಿಂದಿನ ಅಂಕಿಯನ್ನು ಪೂರ್ತಿ ಆರಿಸದೆ ಮುಂದಿನದರ ಕಡ್ಡಿಗಳನ್ನು ಜೋಡಿಸಿದರೆ, ಪಕ್ಕದ ಮನೆಯಲ್ಲಿ ಅದರ ಮಸುಕು ನೆರಳು ಸುಳಿಯುತ್ತದೆ. ಮೊದಲು ಕತ್ತಲು, ಆಮೇಲೆ ಹೊಸ ಅಂಕಿ. ಪ್ರೋಗ್ರಾಮಿನಲ್ಲಿ ಇದಕ್ಕೆ ಬೇಕಾದದ್ದು ಒಂದೇ ಸಾಲು. ಅದು ಹೊಳೆಯುವವರೆಗೆ ಎಷ್ಟೋ ಹುಡುಗರು ತಂತಿಗಳನ್ನೇ ಕಿತ್ತು ಮತ್ತೆ ಜೋಡಿಸುತ್ತಿರುತ್ತಾರೆ.