ಇಲ್ಲದ ಮನುಷ್ಯನ ದಾಖಲೆಗಳು: ‘ನಾರ್ತ್ ಬೈ ನಾರ್ತ್‌ವೆಸ್ಟ್’ ಚಿತ್ರದ ರಚನಾಕೌಶಲ

ಗೂಢಚಾರರ ಕಥೆಯುಳ್ಳ ಸಾಹಸಚಿತ್ರಗಳನ್ನು ಕಾಲಹರಣದ ಸಾಮಗ್ರಿಯೆಂದು ಬದಿಗಿರಿಸುವುದು ವಿದ್ವಾಂಸರಲ್ಲಿ ವಾಡಿಕೆ. ಆದರೆ ಇತಿಹಾಸದ ವಿದ್ಯಾರ್ಥಿಗೆ ಈ ಬಗೆಯ ಚಿತ್ರದಿಂದ ವಿಶೇಷವಾದ ಪ್ರಯೋಜನವೊಂದುಂಟು. ಸಾಕ್ಷ್ಯವನ್ನು ಕೂಡಿಸುವುದು, ಮರೆಮಾಡುವುದು, ಸಂದರ್ಭ ಬಂದರೆ ಹೊಸದಾಗಿ ಸೃಷ್ಟಿಸುವುದು ಗೂಢಚಾರನ ಕೆಲಸ. ಚಲಚ್ಚಿತ್ರ ನಿರ್ದೇಶಕನ ಕೆಲಸವೂ ಇದಕ್ಕಿಂತ ಬಹಳ ಭಿನ್ನವಾದುದಲ್ಲ. ಈ ಎರಡು ವಿದ್ಯೆಗಳೂ ಒಂದೆಡೆ ಸೇರಿದ ಕೃತಿ ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ, ೧೯೫೯ರಲ್ಲಿ ಬಿಡುಗಡೆಯಾದ ‘ನಾರ್ತ್ ಬೈ ನಾರ್ತ್‌ವೆಸ್ಟ್’. ‘ಫ್ರಂ ರಷ್ಯಾ ವಿತ್ ಲವ್’ (೧೯೬೩) ಎಂಬ ಜೇಮ್ಸ್ ಬಾಂಡ್ ಚಿತ್ರದಲ್ಲಿ ಹೆಲಿಕಾಪ್ಟರು ನಾಯಕನನ್ನು ಅಟ್ಟಿಸಿಕೊಂಡು ಬರುವ ಸನ್ನಿವೇಶಕ್ಕೆ ಈ ಚಿತ್ರವೇ ಪ್ರೇರಣೆ. ಅಂಥ ಚಿತ್ರಗಳ ಮಾದರಿಯು ‘ಜೇಡರ ಬಲೆ’ (೧೯೬೮)ಯ ಮೂಲಕ ಕನ್ನಡಕ್ಕೂ ಬಂದಿತೆಂಬುದು ವಾಚಕರಿಗೆ ತಿಳಿದೇ ಇದೆ. ಮೂಲಚಿತ್ರದ ರಚನೆಯನ್ನು ಪರಿಶೀಲಿಸಿ, ಅದರಿಂದ ನಮ್ಮ ಶಾಸ್ತ್ರಕ್ಕೆ ದೊರೆಯುವ ಪಾಠವನ್ನು ನಿರ್ಣಯಿಸುವುದು ಪ್ರಕೃತ ಲೇಖನದ ಉದ್ದೇಶ.

ಕಥೆಯ ತಿರುಳು ಇಷ್ಟು. ನ್ಯೂಯಾರ್ಕಿನ ಜಾಹೀರಾತು ವ್ಯವಹಾರದ ರೋಜರ್ ಥಾರ್ನ್‌ಹಿಲ್ ಎಂಬಾತನನ್ನು ಶತ್ರುಪಕ್ಷದವರು ಜಾರ್ಜ್ ಕಾಪ್ಲನ್ ಎಂಬ ಸರ್ಕಾರಿ ಗೂಢಚಾರನೆಂದು ತಪ್ಪಾಗಿ ಭಾವಿಸಿ ಹಿಡಿಯುತ್ತಾರೆ. ವಾಸ್ತವವಾಗಿ ಕಾಪ್ಲನ್ ಎಂಬವನೇ ಇಲ್ಲ. ಶತ್ರುಗಳ ನಡುವೆ ಇರುವ ತಮ್ಮ ನಿಜವಾದ ಗೂಢಚಾರಿಣಿಯ ಮೇಲೆ ಸಂಶಯ ಬಾರದಿರಲೆಂದು ಗುಪ್ತಚಾರ ಇಲಾಖೆಯವರು ಆತನನ್ನು ಕಲ್ಪಿಸಿರುತ್ತಾರೆ. ಆತನ ಹೆಸರಿನಲ್ಲಿ ಊರೂರಿನ ಹೋಟೆಲುಗಳಲ್ಲಿ ಕೊಠಡಿ ಹಿಡಿಯಲಾಗುತ್ತದೆ. ಉಡುಪುಗಳು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತವೆ.

ಥಾರ್ನ್‌ಹಿಲ್ ಪ್ಲಾಜಾ ಹೋಟೆಲಿನಲ್ಲಿ ಕಾಪ್ಲನನ ಕೊಠಡಿಯನ್ನು ಶೋಧಿಸುವ ದೃಶ್ಯ ಇಡೀ ಚಿತ್ರಕ್ಕೆ ಕೀಲಿಕೈಯೆಂದು ನಮ್ಮ ಅಭಿಪ್ರಾಯ. ಅಲ್ಲಿ ತಲೆಹೊಟ್ಟು ಹತ್ತಿದ ಬಾಚಣಿಗೆಯಿದೆ, ಉಡುಪಿದೆ. ಹೋಟೆಲಿನ ಸೇವಕಿ ಆತನನ್ನೇ ಕಾಪ್ಲನ್ ಎಂದು ಕರೆಯುತ್ತಾಳೆ. ಏಕೆ? ಆತ ಆ ಕೊಠಡಿಯಲ್ಲಿ ಇದ್ದಾನೆ, ಅಷ್ಟೇ ಕಾರಣ. ಆ ಹೆಸರಿನ ಮನುಷ್ಯನನ್ನು ಅವಳು ಹಿಂದೆ ಕಂಡವಳೇ ಅಲ್ಲ. ಒಂದು ದಾಖಲೆ ಮತ್ತೊಂದನ್ನು ಸಮರ್ಥಿಸುತ್ತದೆ, ಒಬ್ಬ ಸಾಕ್ಷಿ ಇನ್ನೊಬ್ಬನ ಮಾತನ್ನು ಅನುಮೋದಿಸುತ್ತಾನೆ. ಮೂಲದಲ್ಲಿ ಮಾತ್ರ ಏನೂ ಇಲ್ಲ. ಈ ಸುಳ್ಳನ್ನು ಅಲ್ಲಾಡಿಸುವುದು ಒಂದೇ ಒಂದು ಸಂಗತಿ: ಉಡುಪು ಥಾರ್ನ್‌ಹಿಲ್ಲನ ಅಳತೆಗೆ ಚಿಕ್ಕದಾಗಿದೆ. ಶಾಸನಪರೀಕ್ಷೆಯಲ್ಲಿ ಲಿಪಿಯ ಒಂದು ವಕ್ರರೇಖೆ ಕೂಟಶಾಸನವನ್ನು ಬಯಲುಮಾಡುವ ಕ್ರಮವನ್ನು ಬಲ್ಲವರಿಗೆ ಈ ದೃಶ್ಯದ ಸ್ವಾರಸ್ಯವನ್ನು ವಿವರಿಸಬೇಕಾಗಿಲ್ಲ.

ಇಂಥ ಯೋಜನೆ ಕೇವಲ ಕಥೆಗಾರನ ಕಲ್ಪನೆಯೂ ಅಲ್ಲ. ೧೯೪೩ರಲ್ಲಿ ಬ್ರಿಟಿಷ್ ಗುಪ್ತಚಾರರು ಒಂದು ಶವಕ್ಕೆ ‘ಮೇಜರ್ ಮಾರ್ಟಿನ್’ ಎಂಬ ಹೆಸರನ್ನಿಟ್ಟು, ಪ್ರೇಮಪತ್ರಗಳನ್ನೂ ನಾಟಕಶಾಲೆಯ ಟಿಕೆಟ್ಟಿನ ತುಂಡುಗಳನ್ನೂ ಜೇಬಿನಲ್ಲಿರಿಸಿ, ಸುಳ್ಳು ಯುದ್ಧಪತ್ರಗಳೊಡನೆ ಸ್ಪೇನಿನ ವೆಲ್ವಾ ಪಟ್ಟಣದ ಬಳಿ ಕಡಲಿಗೆ ಬಿಟ್ಟರು. ಸಿಸಿಲಿಯ ಮೇಲೆ ನಡೆಯಲಿದ್ದ ದಾಳಿಯನ್ನು ಮರೆಮಾಡುವುದು ಅದರ ಗುರಿ. ಜರ್ಮನರು ಅದನ್ನು ನಂಬಿದರು.

ಇನ್ನು ಚಿತ್ರದ ನಿರ್ಮಾಣಕ್ರಮವನ್ನು ನೋಡೋಣ. ವಿಶ್ವಸಂಸ್ಥೆಯವರು ತಮ್ಮ ಕಟ್ಟಡದಲ್ಲಿ ಚಿತ್ರೀಕರಣಕ್ಕೆ ಅನುಮತಿ ಕೊಡಲಿಲ್ಲ. ಹಿಚ್‌ಕಾಕ್ ಒಂದು ವಾಹನದೊಳಗೆ ಕ್ಯಾಮೆರಾವನ್ನು ಅಡಗಿಸಿ, ನಟ ಕ್ಯಾರಿ ಗ್ರಾಂಟ್ ಕಟ್ಟಡವನ್ನು ಪ್ರವೇಶಿಸುವುದನ್ನು ಸೆರೆಹಿಡಿದನು. ಒಳಭಾಗವನ್ನು ಸ್ಟುಡಿಯೋದಲ್ಲಿ ಕಟ್ಟಿಸಿದನು. ಗೂಢಚಾರರ ಚಿತ್ರವನ್ನು ಗೂಢಚಾರರ ಮಾರ್ಗದಿಂದಲೇ ತೆಗೆಯಬೇಕಾಯಿತು! ದಕ್ಷಿಣ ಡಕೋಟಾದ ರಷ್‌ಮೋರ್ ಬೆಟ್ಟದ ವಿಷಯವೂ ಹೀಗೆಯೇ. ಗಟ್ಸನ್ ಬಾರ್ಗ್ಲಂ ಎಂಬ ಶಿಲ್ಪಿಯ ನೇತೃತ್ವದಲ್ಲಿ ೧೯೨೭ರಿಂದ ೧೯೪೧ರವರೆಗೆ ಅಲ್ಲಿ ನಾಲ್ವರು ರಾಷ್ಟ್ರಾಧ್ಯಕ್ಷರ ಮುಖಗಳನ್ನು ಕೆತ್ತಲಾಯಿತು. ಒಂದೊಂದು ಮುಖದ ಎತ್ತರ ಸುಮಾರು ೬೦ ಅಡಿ. ಆ ಪೂಜ್ಯ ಮುಖಗಳ ಮೇಲೆ ಹೊಡೆದಾಟ ನಡೆಯಕೂಡದೆಂದು ಅಧಿಕಾರಿಗಳು ನಿರ್ಬಂಧಿಸಿದರು. ಆದಕಾರಣ ಕಲಾನಿರ್ದೇಶಕ ರಾಬರ್ಟ್ ಬಾಯ್ಲ್ ಬೆಟ್ಟದ ಛಾಯಾಚಿತ್ರಗಳ ಆಧಾರದಿಂದ ಅದರ ಭಾಗಗಳನ್ನು ಸ್ಟುಡಿಯೋದಲ್ಲಿ ನಿರ್ಮಿಸಿದನು. ಬೆಟ್ಟದ ನೆತ್ತಿಯಲ್ಲಿ ಕಾಣುವ ಖಳನಾಯಕನ ಆಧುನಿಕ ಮನೆಯಂತೂ ಎಲ್ಲಿಯೂ ಇಲ್ಲ. ಅದರ ಕೆಲವು ಭಾಗಗಳು ಸೆಟ್ಟು, ಉಳಿದುದು ದೃಶ್ಯಕ್ಕೆ ಕೂಡಿಸಿದ ವರ್ಣಚಿತ್ರ. ಕಾಪ್ಲನನನ್ನು ಇಲಾಖೆ ಹೇಗೆ ಕಟ್ಟಿತೋ ಹಾಗೆಯೇ ಈ ಮನೆಯನ್ನು ಚಿತ್ರತಂಡ ಕಟ್ಟಿತು.

ಪ್ರಸಿದ್ಧವಾದ ವಿಮಾನದ ಸನ್ನಿವೇಶದಲ್ಲಿ ಈ ಕೌಶಲ ಪರಾಕಾಷ್ಠೆಯನ್ನು ಮುಟ್ಟುತ್ತದೆ. ಕೊಲೆಗೆ ಕತ್ತಲೆ, ಒದ್ದೆಯಾದ ಬೀದಿ, ನೆರಳು ಇವೇ ರೂಢಿಯ ಪರಿಕರಗಳು. ಹಿಚ್‌ಕಾಕ್ ಇವೆಲ್ಲವನ್ನೂ ತ್ಯಜಿಸಿ, ಹಾಡುಹಗಲಿನ ಬಟ್ಟಬಯಲನ್ನು ಆರಿಸಿಕೊಂಡನು. ಮೊದಲು ಎತ್ತರದಿಂದ ಬರಿಯ ಹೊಲಗಳು. ನಾಯಕ ಬಸ್ಸಿನಿಂದ ಇಳಿದು ಒಂಟಿಯಾಗಿ ನಿಲ್ಲುತ್ತಾನೆ. ವಾಹನಗಳು ಬಂದು ಹೋಗುತ್ತವೆ. ಎದುರಿಗೆ ನಿಂತ ಅಪರಿಚಿತನೊಬ್ಬ, ಬೆಳೆಯಿಲ್ಲದ ಕಡೆ ವಿಮಾನ ಔಷಧ ಸಿಂಪಡಿಸುತ್ತಿದೆಯಲ್ಲ ಎಂದು ಹೇಳಿ ಬಸ್ಸು ಹತ್ತುತ್ತಾನೆ. ಇಲ್ಲಿಯೂ ಅಪಾಯವನ್ನು ಸೂಚಿಸುವುದು ಹೊಂದಿಕೆಯಿಲ್ಲದ ಒಂದು ಸಣ್ಣ ಸಂಗತಿಯೇ. ಬರ್ನಾರ್ಡ್ ಹರ್ಮನ್ನನ ಸಂಗೀತವು ಚಿತ್ರದ ಉಳಿದೆಡೆ ಪ್ರಬಲವಾಗಿದ್ದರೂ ಇಲ್ಲಿ ವಿಮಾನ ತೈಲದ ಲಾರಿಗೆ ಬಡಿಯುವವರೆಗೆ ಮೌನವಾಗಿದೆ. ಕಥೆಯಲ್ಲಿ ಇದು ಇಂಡಿಯಾನಾ ಪ್ರಾಂತದ ಬಯಲು, ಚಿತ್ರೀಕರಣವಾದದ್ದು ಕ್ಯಾಲಿಫೋರ್ನಿಯಾದಲ್ಲಿ. ಗ್ರಾಂಟ್ ನೆಲಕ್ಕೆ ಬೀಳುವ ಸಮೀಪದೃಶ್ಯವು ಸ್ಟುಡಿಯೋದಲ್ಲಿ, ಹಿಂದಿನ ತೆರೆಯ ಮೇಲೆ ವಿಮಾನದ ಚಿತ್ರವನ್ನು ಮೂಡಿಸಿ ತೆಗೆದುದು. ಎರಡು ಸ್ಥಳಗಳ ತುಣುಕುಗಳನ್ನು ಸಂಕಲನಕಾರ ಜಾರ್ಜ್ ಟೊಮಾಸಿನಿ ಒಂದೇ ಅನುಭವವಾಗಿ ಬೆಸೆದಿದ್ದಾನೆ.

ಇಷ್ಟು ಜಾಗರೂಕತೆಯಿಂದ ಕಟ್ಟಿದ ಚಿತ್ರದಲ್ಲಿಯೂ ಸತ್ಯವೊಂದು ನುಸುಳಿಕೊಂಡಿದೆ. ರಷ್‌ಮೋರಿನ ಉಪಾಹಾರಗೃಹದಲ್ಲಿ ನಾಯಿಕೆ ನಾಯಕನ ಮೇಲೆ ಗುಂಡು ಹಾರಿಸಿದಂತೆ ನಟಿಸುವ ದೃಶ್ಯದಲ್ಲಿ, ಹಿಂದೆ ಕುಳಿತ ಬಾಲಕನೊಬ್ಬ ಗುಂಡು ಹಾರುವ ಮೊದಲೇ ಕಿವಿಗೆ ಬೆರಳಿಟ್ಟುಕೊಳ್ಳುತ್ತಾನೆ. ಸದ್ದು ಬರುವುದೆಂದು ಆ ಹುಡುಗನಿಗೆ ಮೊದಲೇ ತಿಳಿದಿತ್ತು. ಚಿತ್ರವು ಹೇಳಲು ಬಯಸದಿದ್ದ ಸಂಗತಿ, ಎಂದರೆ ಇದು ಕಟ್ಟಿದ ದೃಶ್ಯವೆಂಬುದು, ಅವನ ಬೆರಳುಗಳಿಂದ ಪ್ರಕಟವಾಗುತ್ತದೆ. ಉದ್ದೇಶಪೂರ್ವಕ ಸಾಕ್ಷ್ಯಕ್ಕಿಂತ ಅನುದ್ದಿಷ್ಟ ಸಾಕ್ಷ್ಯವೇ ಹೆಚ್ಚು ವಿಶ್ವಾಸಾರ್ಹವೆಂಬ, ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್ ಎತ್ತಿಹಿಡಿದ ತತ್ತ್ವಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನವನ್ನು ತರಗತಿಯಲ್ಲಿ ಕೊಡುವುದು ಕಷ್ಟ.

ಚಿತ್ರದಲ್ಲಿ ದೋಷಗಳಿಲ್ಲವೆಂದು ನಾವು ಹೇಳುವುದಿಲ್ಲ. ಶೀತಲಸಮರದ ಕಾಲದ ಕಥೆಯಾದರೂ ಶತ್ರುವಿನ ರಾಜ್ಯ ಯಾವುದು, ಕದ್ದ ರಹಸ್ಯ ಏನು ಎಂಬುದನ್ನು ಅದು ಸ್ಪಷ್ಟಪಡಿಸುವುದಿಲ್ಲ. ಈ ಮೌನವು ಕಥೆಯ ವೇಗಕ್ಕೆ ಅನುಕೂಲವಾಗಿದ್ದರೂ ಅದರ ರಾಜಕೀಯ ವಿಚಾರವನ್ನು ತೆಳುವಾಗಿಸಿದೆ. ಆದರೆ ಒಂದು ಕಡೆ ಚಿತ್ರ ನಿಷ್ಠುರವಾಗಿದೆ. ನಿರಪರಾಧಿಯೊಬ್ಬ ಕಾಪ್ಲನನ ಹೆಸರಿನಲ್ಲಿ ಸಾಯಬಹುದೆಂದು ತಿಳಿದೂ ಇಲಾಖೆಯ ಅಧಿಕಾರಿಗಳು ತಮ್ಮ ಯೋಜನೆ ಕೆಡಬಾರದೆಂದು ಸುಮ್ಮನಿರಲು ನಿರ್ಧರಿಸುತ್ತಾರೆ. ಸುಳ್ಳು ದಾಖಲೆಯ ಬೆಲೆಯನ್ನು ಜೀವಂತ ಮನುಷ್ಯ ತೆರಬೇಕಾಗುತ್ತದೆ. ಕಾಪ್ಲನ್ ಇಲ್ಲವೆಂಬ ಗುಟ್ಟನ್ನು ಪ್ರೇಕ್ಷಕರಿಗೆ ಈ ಸಭೆಯಲ್ಲಿಯೇ, ನಾಯಕನಿಗಿಂತ ಬಹಳ ಮುಂಚೆ ತಿಳಿಸಿರುವುದು ಹಿಚ್‌ಕಾಕನ ವಿವೇಕ. ಆಶ್ಚರ್ಯವೊಂದು ಕಳೆದುಹೋದರೂ ಅದರ ಬದಲು ಆತಂಕವೂ ನೈತಿಕ ಪ್ರಶ್ನೆಯೂ ಲಭಿಸುತ್ತವೆ.

ಕಾಲೇಜುಗಳಲ್ಲಿ ಚಲಚ್ಚಿತ್ರವನ್ನು ಆಯಾ ಕಾಲದ ಕನ್ನಡಿಯೆಂದು ತೋರಿಸುವ ಪರಿಪಾಠವಿದೆ. ಕನ್ನಡಿಯೆನ್ನುವ ಮೊದಲು, ಈ ಸ್ಥಳ ನಿಜವೇ, ಇಲ್ಲಿ ಚಿತ್ರೀಕರಿಸಲು ಯಾರು ಒಪ್ಪಿದರು, ಯಾರು ನಿರಾಕರಿಸಿದರು, ಏಕೆ, ಎಂದು ವಿದ್ಯಾರ್ಥಿಗಳಿಂದ ಕೇಳಿಸುವುದು ಅವಶ್ಯ. ಈ ಚಿತ್ರದ ಮಟ್ಟಿಗೆ ಆ ನಿರಾಕರಣೆಗಳೇ ೧೯೫೦ರ ದಶಕದ ಸಂಸ್ಥೆಗಳು ತಮ್ಮ ಘನತೆಯನ್ನು ಹೇಗೆ ಕಾಯ್ದುಕೊಂಡವೆಂಬುದಕ್ಕೆ ಆಧಾರಗಳಾಗಿವೆ. ಈ ಪ್ರಶ್ನೆಗಳನ್ನು ಮೊದಲು ಇಂಥ ಚಿತ್ರದ ಮೇಲೆ ಅಭ್ಯಾಸಮಾಡಿದ ವಿದ್ಯಾರ್ಥಿ ಮುಂದೆ ಪತ್ರಾಗಾರದ ಕಡತವನ್ನು ಬಿಚ್ಚಿದಾಗಲೂ ಅವನ್ನೇ ಕೇಳಬಲ್ಲನೆಂಬುದು ನಮ್ಮ ನಂಬಿಕೆ.