‘ಪರಿವರ್ತಿಸಿ ಶುದ್ಧೀಕರಿಸಲಾಯಿತು’: ವರ್ಡ್ ಕಡತಗಳ ಸ್ವಯಂಚಾಲಿತ ಪರಿವರ್ತನೆಯೂ ಕನ್ನಡ ಕಾರ್ಪಸ್ಸಿನ ವಿಶ್ವಾಸಾರ್ಹತೆಯೂ

ಕನ್ನಡ ಕಾರ್ಪಸ್ ಆಧಾರಿತ ಅಧ್ಯಯನಗಳ ವಿಧಾನಭಾಗದಲ್ಲಿ ಒಂದು ವಾಕ್ಯ ಪದೇ ಪದೇ ಎದುರಾಗುತ್ತದೆ: ವರ್ಡ್ ಕಡತಗಳನ್ನು ಸರಳ ಪಠ್ಯಕ್ಕೆ ಪರಿವರ್ತಿಸಿ ಶುದ್ಧೀಕರಿಸಲಾಯಿತು. ಕರ್ಮಣಿ ಪ್ರಯೋಗದ ಈ ವಾಕ್ಯದಲ್ಲಿ ಕರ್ತೃವಿಲ್ಲ; ಯಾವ ಉಪಕರಣ, ಯಾವ ಅನುಕ್ರಮ, ಎಷ್ಟು ನಷ್ಟ ಎಂಬ ವಿವರವೂ ಇಲ್ಲ. ನನ್ನ ಮಹಾಪ್ರಬಂಧದಲ್ಲಿಯೂ ಇದೇ ವಾಕ್ಯವಿದೆ. ಆದ್ದರಿಂದ ಇಲ್ಲಿನ ಆಕ್ಷೇಪ ಮೊದಲು ನನಗೇ ಅನ್ವಯಿಸುತ್ತದೆ. ಪರಿವರ್ತನೆಯು ವಿಶ್ಲೇಷಣೆಗೆ ಮುಂಚಿನ ಯಾಂತ್ರಿಕ ಸಿದ್ಧತೆ ಮಾತ್ರ ಎಂಬ ಗ್ರಹಿಕೆ ಆ ವಾಕ್ಯದ ಹಿಂದಿದೆ. ನುಡಿಯಂತಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಬೆರಳಚ್ಚಾದ ಕಡತಗಳ ಮಟ್ಟಿಗೆ ಆ ಗ್ರಹಿಕೆ ನಿಲ್ಲುವುದಿಲ್ಲ. ಅಲ್ಲಿ ಪರಿವರ್ತನೆಯೇ ಮೊದಲ ಭಾಷಾವಿಶ್ಲೇಷಣೆ.

ಕಾರಣ ಸಂಕೇತವ್ಯವಸ್ಥೆಯಲ್ಲಿದೆ. ಇಂತಹ ಕಡತ ಕನ್ನಡದ ಅಕ್ಷರಗಳನ್ನು ದಾಖಲಿಸುವುದಿಲ್ಲ. ಅಕ್ಷರಗಳ ಆಕಾರಖಂಡಗಳನ್ನು ಲ್ಯಾಟಿನ್ ಚಿಹ್ನೆಗಳ ಸ್ಥಾನದಲ್ಲಿ ದಾಖಲಿಸುತ್ತದೆ. ನುಡಿಯ ಆಸ್ಕಿ ಕಡತದಲ್ಲಿ ‘ಕನ್ನಡ’ ಎಂಬ ಪದ ಏಳು ಚಿಹ್ನೆಗಳ ಸಾಲು: ದೊಡ್ಡ ಪಿ, ಗ್ರೇವ್ ಚಿಹ್ನೆ ಹೊತ್ತ ದೊಡ್ಡ ಎ, ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ಎ, ಜರ್ಮನ್ನಿನ ಎಸ್ಸೆಟ್, ಚಿಕ್ಕ ಕ್ಯೂ, ಮಗದೊಮ್ಮೆ ಅದೇ ಎ. ಯುನಿಕೋಡಿನಲ್ಲಿ ಅದೇ ಪದಕ್ಕೆ ಐದು ಸಂಕೇತಗಳು ಸಾಕು. ಈ ಏಳು ಚಿಹ್ನೆಗಳನ್ನು ಕನ್ನಡವೆಂದು ಓದಬೇಕು ಎಂದು ಹೇಳುವ ನೇರ ಸಾಕ್ಷ್ಯವೆಂದರೆ ಫಾಂಟಿನ ಹೆಸರೊಂದೇ. ಡಾಕ್ಸ್ ಕಡತವು ಎಕ್ಸ್‌ಎಂಎಲ್ ಭಾಗಗಳನ್ನು ಜಿಪ್ ಮಾಡಿದ ಕಟ್ಟು. ಅದರಲ್ಲಿ ಪಠ್ಯದ ತುಣುಕುಗಳಿಗೆ ನೇರವಾಗಿಯೋ ಶೈಲಿಯ ಮೂಲಕವೋ ಫಾಂಟಿನ ಹೆಸರು ಅಂಟಿಕೊಂಡಿರುತ್ತದೆ. ನಾವು ಅಲಂಕಾರವೆಂದು ಕಿತ್ತೆಸೆಯುವುದು ಇದನ್ನೇ.

ಕಡತವನ್ನು ಮೊದಲು ಸರಳ ಪಠ್ಯವಾಗಿಸಿ, ಆನಂತರ ಆಸ್ಕಿಯಿಂದ ಯುನಿಕೋಡಿಗೆ ತರುವ ರೂಢಿ ವ್ಯಾಪಕವಾಗಿದೆ. ಈ ಅನುಕ್ರಮವೇ ದೋಷಪೂರ್ಣ. ಸರಳ ಪಠ್ಯದಲ್ಲಿ ಫಾಂಟಿನ ಹೆಸರು ಉಳಿಯದು. ಆಗ ವಾಕ್ಯದ ನಡುವಿನ ಇಂಗ್ಲಿಷ್ ಪದ, ಐಪಿಎ ಲಿಪ್ಯಂತರ, ವ್ಯಾಕರಣಸೂಚಕ ಸಂಕ್ಷೇಪಗಳೆಲ್ಲ ಕನ್ನಡದ ಆಕಾರಖಂಡಗಳೆಂದೇ ಗಣನೆಗೆ ಬರುತ್ತವೆ. ಹೊರಬರುವ ಅರ್ಥಹೀನ ಅಕ್ಷರರಾಶಿಯನ್ನು ‘ಕಸ’ವೆಂದು ಗುಡಿಸಿದರೆ ಕಾರ್ಪಸ್ ಅಚ್ಚುಕಟ್ಟಾಗಿ ಕಾಣುತ್ತದೆ, ನಿಜ. ಆದರೆ ಸಂಕೇತಮಿಶ್ರಣದ ಅಧ್ಯಯನಕ್ಕೆ ಬೇಕಾಗಿದ್ದ ಪದಗಳು ಆ ಕಸದೊಂದಿಗೇ ಹೋಗಿರುತ್ತವೆ. ಸಾಧುವಾದ ಕ್ರಮ ಇದರ ವಿಲೋಮ: ಹಳೆಯ ಡಾಕ್ ಕಡತವನ್ನು ಲಿಬ್ರೆಆಫೀಸಿನ ಹೆಡ್‌ಲೆಸ್ ವಿಧಾನದಿಂದ ಡಾಕ್ಸ್ ಆಗಿಸಿ, ತುಣುಕು ತುಣುಕಾಗಿ ಫಾಂಟ್ ನೋಡಿ ಕನ್ನಡವನ್ನು ಮಾತ್ರ ಯುನಿಕೋಡಿಗೆ ತಂದು, ಕಟ್ಟಕಡೆಗೆ ವಿನ್ಯಾಸವನ್ನು ಕಳಚುವುದು. ಪ್ಯಾನ್‌ಡಾಕ್‌ನಂತಹ ಸಮರ್ಥ ಉಪಕರಣವೂ ಫಾಂಟಿನ ಹೆಸರನ್ನು ಸಾಮಾನ್ಯವಾಗಿ ಮುಂದಕ್ಕೆ ಒಯ್ಯುವುದಿಲ್ಲ. ಎಲ್ಲ ಪರಿವರ್ತನೆಯೂ ನಷ್ಟರಹಿತವಾಗಿರುತ್ತದೆಂದು ಎಣಿಸಬಾರದೆಂದು ಅದರ ಕೈಪಿಡಿಯೇ ಹೇಳುತ್ತದೆ. ಕೈಪಿಡಿ ಓದುವ ಅಭ್ಯಾಸ ನಮ್ಮಲ್ಲಿ ಕಡಿಮೆ.

ಅನುಕ್ರಮ ಸರಿಯಿದ್ದರೂ ಅರ್ಕಾವೊತ್ತಿನ ಸಮಸ್ಯೆ ಉಳಿಯುತ್ತದೆ. ಆಸ್ಕಿ ಕಡತದಲ್ಲಿ ಅದರ ಸ್ಥಾನ ಬರೆಹದ ಕ್ರಮದ್ದು: ‘ವರ್ಷ’ ಎಂಬಲ್ಲಿ ವಕಾರ, ಷಕಾರ, ಆಮೇಲೆ ಅರ್ಕಾವೊತ್ತು. ಯುನಿಕೋಡ್ ಉಚ್ಚಾರಣಕ್ರಮವನ್ನು ಅನುಸರಿಸುವುದರಿಂದ ಪರಿವರ್ತಕವು ರೇಫವನ್ನು ಇಡೀ ವ್ಯಂಜನಗುಚ್ಛದ ಆದಿಗೆ ಒಯ್ಯಬೇಕು. ಅರ್ಧದಲ್ಲಿಯೇ ಬಿಟ್ಟರೆ ‘ವಿದ್ಯಾರ್ಥಿ’ಯು ‘ವಿದ್ಯಾಥರ್ಿ’ ಆಗುತ್ತದೆ, ‘ಸಾಮರ್ಥ್ಯ’ವು ‘ಸಾಮಥ್ರ್ಯ’ ಆಗುತ್ತದೆ. ಅಂತರಜಾಲದ ಕನ್ನಡದಲ್ಲಿ ಇವೆರಡನ್ನೂ ಕಾಣದ ಓದುಗರು ವಿರಳ. ಮೊದಲನೆಯದು ಅಪಾಯಕಾರಿಯಲ್ಲ, ಹಲಂತದ ಮೇಲೆ ಸ್ವರಚಿಹ್ನೆ ಕುಳಿತ ಆ ರೂಪ ಲಿಪಿನಿಯಮಕ್ಕೆ ವಿರುದ್ಧವಾದ್ದರಿಂದ ಸರಳ ಪರೀಕ್ಷೆಯಲ್ಲಿಯೇ ಸಿಕ್ಕಿಬೀಳುತ್ತದೆ. ಎರಡನೆಯದರಲ್ಲಿ ಲಿಪಿಯ ದೃಷ್ಟಿಯಿಂದ ದೋಷವೇ ಇಲ್ಲ. ಹಿಂದಿನ ಅಕ್ಷರವನ್ನು ಮುಚ್ಚುವ ರಕಾರ ಅಲ್ಲಿ ಮುಂದಿನ ಅಕ್ಷರದ ಆದಿಗುಚ್ಛದೊಳಗೆ ಸೇರಿಬಿಟ್ಟಿದೆ. ವ್ಯಂಜನಗುಚ್ಛಗಳನ್ನು ಎಣಿಸುವ ತಂತ್ರಾಂಶಕ್ಕೆ ಕನ್ನಡದಲ್ಲಿ ಇಲ್ಲದ ‘ಥ್ರ್ಯ’ ಎಂಬ ಗುಚ್ಛ ದೊರೆಯುತ್ತದೆ. ಉತ್ಸಾಹಿ ಸಂಶೋಧಕನಿಗೆ ವರ್ಣಪಲ್ಲಟದ ನಿದರ್ಶನವೂ ದೊರೆತೀತು.

ಕಣ್ಣಿಗೆ ಕಾಣದ ಚಿಹ್ನೆಗಳದ್ದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ಆಸ್ಕಿ ಕಡತದ ‘ಬಸ್‌ನಲ್ಲಿ’ ಎಂಬ ರೂಪದಲ್ಲಿ ಹಲಂತ ಸಕಾರ ಪ್ರತ್ಯೇಕ ಆಕಾರ. ಯುನಿಕೋಡಿನಲ್ಲಿ ಅದನ್ನು ಹಾಗೆಯೇ ಉಳಿಸಲು ಝೀರೋ ವಿಡ್ತ್ ನಾನ್‌ಜಾಯ್ನರ್ ಬೇಕು; ಇಲ್ಲವಾದರೆ ‘ಬಸ್ನಲ್ಲಿ’ ಎಂದಾಗುತ್ತದೆ. ಬೆರಳಚ್ಚುಗಾರರು ತಮಗರಿವಿಲ್ಲದೆ ಗುರುತಿಸಿದ್ದ ಪ್ರಕೃತಿ-ಪ್ರತ್ಯಯಗಳ ಗಡಿ ಅಲ್ಲಿ ಅಳಿಯುತ್ತದೆ. ‘ರ‍್ಯಾಂಕ್’ ಪದವನ್ನೂ ಗಮನಿಸಬಹುದು. ಅದರಲ್ಲಿ ಯಕಾರದ ಒತ್ತು ಮತ್ತು ಆಕಾರ ಸೇರಿ ಇಂಗ್ಲಿಷಿನ ಒಂದು ಸ್ವರವನ್ನು ಸೂಚಿಸುತ್ತವೆ. ಯಕಾರವೆಂಬ ವ್ಯಂಜನ ಅಲ್ಲಿಲ್ಲ. ‘ಕಾರ್ಯಾಲಯ’ದಲ್ಲಿ ಅದು ಇದೆ. ಬರೆಹ ಈ ಎರಡನ್ನೂ ಬೇರ್ಪಡಿಸುವುದು ಜಾಯ್ನರ್ ಚಿಹ್ನೆಯ ಬಲದಿಂದ. ಶುದ್ಧೀಕರಣದ ಹೆಸರಿನಲ್ಲಿ ಶೂನ್ಯಾಗಲದ ಚಿಹ್ನೆಗಳನ್ನೆಲ್ಲ ಅಳಿಸುವ ಒಂದು ಸಾಲಿನ ಆದೇಶ ಎರಡನ್ನೂ ಒಂದೇ ಸಂಕೇತಸರಣಿಯಾಗಿಸುತ್ತದೆ. ಮತ್ತೊಂದು ಕಡೆ, ‘ಸೂರ್ಯ’ ಮತ್ತು ‘ಸೂರ‍್ಯ’ ಎಂಬ ಎರಡು ಬರೆಹಗಳನ್ನು ಪದಾವೃತ್ತಿಯ ಎಣಿಕೆಗಾಗಿ ಒಂದಾಗಿಸಲೇಬೇಕು. ಆದ್ದರಿಂದ ಅಳಿಸುವುದು ಸರಿಯೇ ತಪ್ಪೇ ಎಂಬುದಕ್ಕೆ ಸಾರ್ವತ್ರಿಕ ಉತ್ತರವಿಲ್ಲ. ಉತ್ತರ ಸಂಶೋಧನಪ್ರಶ್ನೆಯನ್ನು ಅವಲಂಬಿಸಿದೆ. ಮೂಲಸ್ತರದಲ್ಲಿ ಚಿಹ್ನೆಗಳನ್ನು ಉಳಿಸಿ, ಹುಡುಕಾಟದ ಸ್ತರದಲ್ಲಿ ಮಾತ್ರ ಒಂದಾಗಿಸುವುದು ನನಗೆ ಸಮ್ಮತವಾದ ಮಾರ್ಗ.

ಕಡತದ ರಚನೆಯಿಂದಾಗುವ ನಷ್ಟವನ್ನು ಸಂಕ್ಷೇಪವಾಗಿ ಹೇಳಬಹುದು. ಅಡಿಟಿಪ್ಪಣಿಗಳು ಡಾಕ್ಸ್‌ನೊಳಗೆ ಬೇರೆಯೇ ಭಾಗದಲ್ಲಿರುತ್ತವೆ. ತಿದ್ದುಪಡಿಗಳ ಜಾಡನ್ನು ಪ್ಯಾನ್‌ಡಾಕ್ ಪೂರ್ವನಿಯೋಜಿತವಾಗಿ ಅಂಗೀಕರಿಸಿ, ಅಳಿಸಿದ ರೂಪವನ್ನು ಕೈಬಿಡುತ್ತದೆ. ಪೈಥಾನ್-ಡಾಕ್ಸ್‌ನಲ್ಲಿ ದಾಖಲೆಯ ಪ್ಯಾರಾಗಳ ಪಟ್ಟಿಯನ್ನು ಕೇಳಿದರೆ ಕೋಷ್ಟಕಗಳೊಳಗಿನ ಪ್ಯಾರಾಗಳು ಅದರಲ್ಲಿ ಬರುವುದಿಲ್ಲ. ಈ ಕೊನೆಯದನ್ನು ನಾನು ತಡವಾಗಿ ಕಲಿತೆ. ನನ್ನ ಕ್ಷೇತ್ರಕಾರ್ಯದ ಹಿರಿಯ ವಕ್ತೃಗಳ ಕಥನಗಳನ್ನು ಗ್ಲಾಸ್‌ಸಹಿತ ಕೋಷ್ಟಕಗಳಲ್ಲಿ ಬೆರಳಚ್ಚಿಸಲಾಗಿತ್ತು, ಕಿರಿಯರ ಸಂಭಾಷಣೆಗಳನ್ನು ಸಾಧಾರಣ ಪ್ಯಾರಾಗಳಲ್ಲಿ. ನಾನೇ ಬರೆದ ಸ್ಕ್ರಿಪ್ಟ್ ಯಾವ ದೋಷಸೂಚನೆಯನ್ನೂ ನೀಡದೆ ಕಥನಗಳ ಬಹುಭಾಗವನ್ನು ಬಿಟ್ಟಿತು. ಒಂದು ಕೃದಂತರೂಪ ಹಿರಿಯರಲ್ಲಿ ವಿರಳವೆಂದು ನಾನು ಬರೆದೆ. ಮಹಾಪ್ರಬಂಧದ ಆ ಕೋಷ್ಟಕವನ್ನು ಈಗ ನಾನು ಉಲ್ಲೇಖಿಸುವುದಿಲ್ಲ. ಇತರರೂ ಉಲ್ಲೇಖಿಸಬಾರದೆಂದು ಕೋರುತ್ತೇನೆ.

ಸಾವಿರಾರು ಕಡತಗಳನ್ನು ಕೈಯಿಂದ ಪರಿವರ್ತಿಸುವುದು ಅಸಾಧ್ಯ. ಕೈಕೆಲಸದ ತಪ್ಪುಗಳಿಗೆ ಏಕರೂಪತೆಯೂ ಇರದಾದ್ದರಿಂದ ಅವುಗಳನ್ನು ಹುಡುಕುವುದೂ ಕಷ್ಟ. ಸ್ವಯಂಚಾಲನದ ದೊಡ್ಡ ಗುಣವೆಂದರೆ ಅದರ ತಪ್ಪನ್ನು ಪುನರಾವರ್ತಿಸಿ ಪರಿಶೀಲಿಸಬಹುದು. ಸ್ಕ್ರಿಪ್ಟನ್ನು ಪ್ರಕಟಿಸದಿದ್ದರೆ ಆ ಗುಣ ನಿರರ್ಥಕ. ಪರಿವರ್ತಕವು ಗುರುತಿಸಲಾಗದ ಚಿಹ್ನೆಯನ್ನು ಅಳಿಸದೆ, ಕಡತದ ಹೆಸರು ಮತ್ತು ಸ್ಥಾನದೊಂದಿಗೆ ಉಳಿಕೆಯೆಂದು ದಾಖಲಿಸಬೇಕು; ಆ ಉಳಿಕೆಯ ಪ್ರಮಾಣ ಪ್ರಬಂಧದಲ್ಲಿ ಅಚ್ಚಾಗಬೇಕು. ಮೂಲ ವರ್ಡ್ ಕಡತವನ್ನು ಪರಿವರ್ತಿತ ಪಠ್ಯದ ಜೊತೆಗೇ ಠೇವಣಿ ಇಡಬೇಕು. ಪರಿಶೀಲಕರಾಗಿ ನಾವು ಸಂಖ್ಯಾಶಾಸ್ತ್ರೀಯ ಪರೀಕ್ಷೆಯ ಆಯ್ಕೆಯನ್ನು ಪ್ರಶ್ನಿಸುತ್ತೇವೆ. ಆದರೆ ಎಣಿಕೆಯಾದ ಪದಗಳು ಕಡತದಿಂದ ಹೇಗೆ ಹೊರಬಂದವೆಂದು ಕೇಳಿದ ಒಂದು ಪರಿಶೀಲನಾ ವರದಿಯೂ ನನಗೆ ಈವರೆಗೆ ಬಂದಿಲ್ಲ. ನಾನು ಬರೆದ ವರದಿಗಳಲ್ಲಿಯೂ, ಕಳೆದ ವರ್ಷದವರೆಗೆ, ಆ ಪ್ರಶ್ನೆ ಇರಲಿಲ್ಲ.